ರೊಟ್ಟಿ ಬಡಿಯುವ ಎತ್ತರದಿಂದ ಶುರುಮಾಡಿ: ಕೊಂಡ ಮನೆಯ ಅಡುಗೆಮನೆಯನ್ನು ಹೊಸದು ಮಾಡುವಾಗ

ಮನೆ ಕೊಂಡ ಮೇಲೆ ಅಡುಗೆಮನೆಯನ್ನು ಹೊಸದು ಮಾಡಬೇಕು ಅನ್ನುವವರು ಲ್ಯಾಮಿನೇಟ್ ಬಣ್ಣ ನೋಡುವ ಮುಂಚೆ ಒಂದು ಲೆಕ್ಕ ಹಾಕಬೇಕು. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾರಾ? ಬಡಿಯುವವರ ಎತ್ತರ ಎಷ್ಟು? ದಾವಣಗೆರೆ ಕಡೆಯ ಅಡುಗೆಮನೆಗೆ ಇದಕ್ಕಿಂತ ಮುಖ್ಯವಾದ ಅಳತೆ ಇಲ್ಲ.

ಮಾಡ್ಯುಲರ್ ಕಿಚನ್ ಅಂಗಡಿಯವರು ಕೊಡುವ ಕಟ್ಟೆ ಸಾಮಾನ್ಯವಾಗಿ 34 ಇಂಚು ಎತ್ತರ ಇರುತ್ತದೆ. ಸೊಪ್ಪು ಸೋಸಲು, ತರಕಾರಿ ಹೆಚ್ಚಲು ಅದು ಸರಿ. ರೊಟ್ಟಿಗೆ ಆಗುವುದಿಲ್ಲ. ರೊಟ್ಟಿ ಬಡಿಯುವ ಬಲ ಬರುವುದು ಭುಜದಿಂದ, ಹಾಗಾಗಿ ಅಂಗೈ ಮೊಣಕೈಗಿಂತ ಚೆನ್ನಾಗಿ ಕೆಳಗಿರಬೇಕು. ಕಟ್ಟೆ ಎತ್ತರವಾದರೆ ಭುಜ ಎತ್ತಿಕೊಂಡೇ ಬಡಿಯಬೇಕಾಗುತ್ತದೆ, ಹತ್ತು ರೊಟ್ಟಿ ಆಗುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತದೆ. ಹೊಸ ಕಟ್ಟೆ ಇದ್ದೂ ನೆಲದ ಮೇಲೆ ಮಣೆ ಹಾಕಿಕೊಂಡು ಕೂತು ಬಡಿಯುವ ಮನೆಗಳಿಗೆ ಬಹಳಷ್ಟು ಸಲ ಇದೇ ಕಾರಣ.

ಅಳತೆ ತೆಗೆಯುವುದು ಸುಲಭ. ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಿಸಲಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿಯಿರಿ. 5 ಅಡಿ 1 ಇಂಚು ಎತ್ತರದವರಿಗೆ ಅದು ಹೆಚ್ಚುಕಡಿಮೆ 38 ಇಂಚು ಬರುತ್ತದೆ. ಹೆಚ್ಚುವ, ಸೋಸುವ ಜಾಗ ಅದಕ್ಕಿಂತ 4ರಿಂದ 5 ಇಂಚು ಕೆಳಗಿರಲಿ, ಅಂದರೆ 33 ಅಥವಾ 34. ರೊಟ್ಟಿ ಬಡಿಯುವ ಜಾಗ 8 ಇಂಚು ಕೆಳಗೆ, ಅಂದರೆ 30. ಗ್ಯಾಸ್ ಒಲೆಗೂ ಬೇಕಾಗುವುದು ಈ 30 ಇಂಚೇ. ಒಲೆ ತಾನೇ 5ರಿಂದ 6 ಇಂಚು ಎತ್ತರ ಇರುತ್ತದೆ, ಅದರ ಮೇಲೆ ಕುಕ್ಕರ್ ಕೂರುತ್ತದೆ. 34ರ ಕಟ್ಟೆಯ ಮೇಲೆ ಒಲೆ ಇಟ್ಟರೆ ಕುಕ್ಕರಿನ ಬಾಯಿ ಎದೆಮಟ್ಟಕ್ಕೆ ಬರುತ್ತದೆ, ಒಗ್ಗರಣೆ ಸಿಡಿದರೆ ನೇರ ಮುಖಕ್ಕೆ. ಸಿಂಕಿನದು ಇದಕ್ಕೆ ಉಲ್ಟಾ. ಅದರ ತಳ ಕಟ್ಟೆಗಿಂತ 8–9 ಇಂಚು ಕೆಳಗಿರುವುದರಿಂದ ಕಟ್ಟೆ ತಗ್ಗಾದಷ್ಟೂ ಪಾತ್ರೆ ತೊಳೆಯುವಾಗ ಸೊಂಟ ಬಾಗುತ್ತದೆ.

ಹಾಗಾಗಿ ಕಟ್ಟೆ ಎರಡು ಮಟ್ಟದಲ್ಲಿರಲಿ. ಒಲೆ ಮತ್ತು ಅದರ ಪಕ್ಕದ ಎರಡೂವರೆ ಅಡಿ ರೊಟ್ಟಿ ಜಾಗ 30 ಇಂಚಿನಲ್ಲಿ, ಹೆಚ್ಚುವ ಜಾಗ ಮತ್ತು ಸಿಂಕು 33–34 ಇಂಚಿನಲ್ಲಿ. ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಲು ಕೈ ಒಂದೇ ಮಟ್ಟದಲ್ಲಿ ತಿರುಗುತ್ತದೆ. ಎಲ್ ಆಕಾರದ ಕಟ್ಟೆಯಾದರೆ ಮೂಲೆಯಲ್ಲೇ ಮೆಟ್ಟಿಲು ಕೊಡಬಹುದು, ಕಣ್ಣಿಗೂ ವಿಕಾರ ಅನ್ನಿಸುವುದಿಲ್ಲ. ಮೆಟ್ಟಿಲಿನ ಮೂರು–ನಾಲ್ಕು ಇಂಚಿಗೆ ಅದೇ ಗ್ರಾನೈಟಿನ ಪಟ್ಟಿ ನಿಲ್ಲಿಸಿ, ಕೂಡುವಲ್ಲಿ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು) ತುಂಬಿಸಬೇಕು. ಬಿಳಿ ಸಿಮೆಂಟು ತುಂಬಿದರೆ ವರ್ಷದೊಳಗೆ ಬಿರುಕು ಬಿಟ್ಟು ಹಿಟ್ಟು ಸೇರಿಕೊಳ್ಳುತ್ತದೆ, ಹಿಟ್ಟಿನ ಹಿಂದೆಯೇ ಇರುವೆ, ಜಿರಳೆ.

ಕಡಪ ಒಡೆಯಬೇಡಿ

ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಪಿ.ಜೆ. ಬಡಾವಣೆ ಹೀಗೆ ಎಲ್ಲೇ ಹಳೆ ಮನೆ ಕೊಂಡರೂ ಅಡುಗೆಮನೆಯಲ್ಲಿ ಕಡಪ ಕಲ್ಲು ಸಿಗುವ ಸಾಧ್ಯತೆ ಹೆಚ್ಚು. ಕಟ್ಟೆಯ ಕೆಳಗೆ ನಿಲ್ಲಿಸಿದ ಕಲ್ಲು, ನಡುವೆ ಅಡ್ಡ ಹಲಗೆ, ಮೇಲೆ ಸಜ್ಜ. ಕಾರ್ಪೆಂಟರ್ ಬಂದ ದಿನವೇ ‘ಇದನ್ನೆಲ್ಲ ಒಡೆದು ಪ್ಲೈವುಡ್ ಡಬ್ಬ ಕೂರಿಸೋಣ’ ಅನ್ನುತ್ತಾರೆ. ಒಪ್ಪಬೇಡಿ. 25 ಕೆ.ಜಿ. ಅಕ್ಕಿ ಚೀಲ, ಜೋಳದ ಡಬ್ಬಿ, ಹಿತ್ತಾಳೆ ಕೊಳಗ ಇವುಗಳ ಭಾರವನ್ನು ಬಗ್ಗದೆ ಹೊರುವ, ನೀರಿಗೆ ಉಬ್ಬದ, ಗೆದ್ದಲಿಗೆ ಸಿಗದ ವಸ್ತು ಆಗಲೇ ನಿಮ್ಮ ಮನೆಯಲ್ಲಿದೆ.

ದುಡ್ಡಿನ ಲೆಕ್ಕವನ್ನೂ ನೋಡಿ. ಎರಡಡಿ ಅಗಲ, 30 ಇಂಚು ಎತ್ತರ, 22 ಇಂಚು ಆಳದ ಒಂದು ಪ್ಲೈವುಡ್ ಡಬ್ಬಕ್ಕೆ ಎರಡು ಬದಿ ಸೇರಿ 9 ಚದರಡಿ, ತಳ ಮತ್ತು ಒಂದು ಹಲಗೆಗೆ 7, ಬಾಗಿಲಿಗೆ 5, ಒಟ್ಟು 21 ಚದರಡಿ ಬೇಕು. 12 ಅಡಿ ಉದ್ದದ ಕಟ್ಟೆಗೆ ಇಂಥ ಆರು ಡಬ್ಬ, 126 ಚದರಡಿ. 8ಕ್ಕೆ 4 ಅಡಿಯ ಒಂದು ಹಾಳೆ 32 ಚದರಡಿ, ಕತ್ತರಿಸುವಾಗ ಹೋಗುವುದನ್ನೂ ಸೇರಿಸಿದರೆ ಐದು ಹಾಳೆ. ಕಡಪವನ್ನು ಹಾಗೇ ಉಳಿಸಿಕೊಂಡು ಬಾಗಿಲು ಮಾತ್ರ ಹಾಕಿದರೆ 24ಕ್ಕೆ 30 ಇಂಚಿನ ಆರು ತುಂಡು ಸಾಕು, ಅವು ಒಂದೇ ಹಾಳೆಯಲ್ಲಿ ಬರುತ್ತವೆ. ಉಳಿದ ನಾಲ್ಕು ಹಾಳೆಯ ದುಡ್ಡಿಗೆ ಒಳ್ಳೆಯ ಹಿಂಜು, ಒಳ್ಳೆಯ ಸಿಂಕು, ಹೊಸ ವೈರಿಂಗು ಕೊಳ್ಳಬಹುದು.

ತೊಡಕು ಇರುವುದು ಒಂದೇ ಕಡೆ. ಹಿಂಜಿನ ಸ್ಕ್ರೂ ಕಲ್ಲಿಗೆ ಹಿಡಿಯುವುದಿಲ್ಲ. ಅದಕ್ಕೆ ನಿಂತ ಕಲ್ಲಿನ ಒಳಮೈಗೆ 3 ಇಂಚು ಅಗಲದ 18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಎಪಾಕ್ಸಿ ಅಂಟು ಹಚ್ಚಿ, ಆರ್‌ಪಾರ್ ಬೋಲ್ಟ್ ಹಾಕಿ ಕೂರಿಸಬೇಕು. ಹಿಂಜು ಈ ಪಟ್ಟಿಗೆ ಬರುತ್ತದೆ. ಕಲ್ಲಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಗುಂಡಿ ಬಂದ್ ಇರಬೇಕು, ಅಂಚಿನಿಂದ ಕನಿಷ್ಠ ಎರಡು ಇಂಚು ಒಳಗಿರಬೇಕು. ಕಡಪ ಪದರ ಪದರದ ಕಲ್ಲು, ಹ್ಯಾಮರ್ ಹೊಡೆತಕ್ಕೆ ಅಂಚು ಸೀಳಿ ಬರುತ್ತದೆ. ಕೊರೆಯುವ ಮುಂಚೆ ಪ್ರತಿ ಕಲ್ಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ, ಕೂಡುವಲ್ಲಿ ಅಲುಗಾಡಿದರೆ ಅದೊಂದನ್ನೇ ಬದಲಾಯಿಸಿ.

ಹಳೆ ಕಟ್ಟೆ ಹೆಚ್ಚಾಗಿ 30 ಇಂಚಿನ ಆಸುಪಾಸಿನಲ್ಲೇ ಇರುವುದು ಇನ್ನೊಂದು ಅನುಕೂಲ. ಒಲೆ–ರೊಟ್ಟಿ ಭಾಗಕ್ಕೆ ಹಳೆ ಕಲ್ಲಿನ ಮೇಲೆ ಅಂಟಿನಿಂದ ತೆಳುವಾಗಿ ಗ್ರಾನೈಟ್ ಕೂರಿಸಿ, ಸಿಂಕಿನ ಭಾಗವನ್ನು ಮಾತ್ರ ಏರಿಸಿದರೆ ಎರಡು ಮಟ್ಟ ತಾನಾಗಿ ಬರುತ್ತದೆ.

ಒಡೆಯುವ ಮೊದಲು ನೋಡಬೇಕಾದ್ದು

ಅಡುಗೆಮನೆಯ ಗೋಡೆಯಾಚೆ ಬಚ್ಚಲು ಇದ್ದರೆ ಆ ಗೋಡೆಯನ್ನು ಮೊದಲು ನೋಡಿ. ಗಾರೆ ಉಬ್ಬಿದ್ದರೆ, ಬಿಳಿ ಉಪ್ಪು ಒಡೆದಿದ್ದರೆ ತೇವ ಬಚ್ಚಲಿನಿಂದ ಬರುತ್ತಿದೆ ಎಂದರ್ಥ. ಈ ಕಡೆ ಎಷ್ಟು ಪುಟ್ಟಿ ಬಳಿದರೂ ನಿಲ್ಲುವುದಿಲ್ಲ, ಆ ಕಡೆಯ ಪೈಪೋ ನೆಲವೋ ಸರಿಯಾಗಬೇಕು. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಗೋಡೆ ಮೂಲೆಯಿಂದ ಓರೆಯಾಗಿ ಬಿರುಕು ಹೋಗಿರುವುದುಂಟು. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಂದು ತೆಳು ಪಟ್ಟಿ ಬಳಿದು ದಿನಾಂಕ ಬರೆದಿಡಿ. ಕೆಲವು ವಾರದಲ್ಲಿ ಅದು ಸೀಳಿದರೆ ಗೋಡೆ ಇನ್ನೂ ಅಲುಗುತ್ತಿದೆ, ಟೈಲ್ಸ್ ಹಾಕುವ ಮುಂಚೆ ಇಂಜಿನಿಯರಿಗೆ ತೋರಿಸಿ.

ಹಳೆ ಮರದ ಕಪಾಟು ಇದ್ದರೆ ಹಿಂದೆ ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ. ಇದ್ದರೆ ಗೋಡೆ–ನೆಲ ಕೂಡುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧ ಬಿಡಿಸಬೇಕು. ಇದನ್ನು ನೆಲದ ಕೆಲಸಕ್ಕೆ ಮುಂಚೆಯೇ ಮುಗಿಸಿ, ಆಮೇಲೆ ಹೊಸ ಟೈಲ್ಸಿಗೆ ತೂತು ಹೊಡೆಸುವುದು ಯಾರಿಗೂ ಇಷ್ಟವಾಗುವುದಿಲ್ಲ.

ವಾಸ್ತು ನೋಡುವವರು ಒಲೆ ಆಗ್ನೇಯಕ್ಕೆ, ಸಿಂಕು ಈಶಾನ್ಯಕ್ಕೆ ಬರಲಿ ಅನ್ನುತ್ತಾರೆ. ಒಲೆ ಸರಿಸುವುದು ಸುಲಭ, ಸಿಂಕು ಸರಿಸುವುದು ಹಾಗಲ್ಲ. ಕೊಳಕು ನೀರಿನ ಪೈಪಿಗೆ 40 ಇಂಚಿಗೆ ಒಂದು ಇಂಚಿನಂತೆ ಇಳಿಜಾರು ಬೇಕು. 8 ಅಡಿ ದೂರಕ್ಕೆ ಎರಡೂವರೆ ಇಂಚು ಹತ್ತಿರ ಇಳಿತ, ಅದರ ಮೇಲೆ ಪೈಪಿನ ದಪ್ಪ ಬೇರೆ. ನೆಲಮಹಡಿಯಲ್ಲಿ ನೆಲ ಅಗೆದು ಇದನ್ನು ಮಾಡಬಹುದು. ಮೊದಲನೇ ಮಹಡಿಯಲ್ಲಿ ಸ್ಲ್ಯಾಬಿನ ಮೇಲೆ ಅಷ್ಟು ಗಾರೆ ಇರುವುದಿಲ್ಲ. ಸ್ಲ್ಯಾಬ್ ಕೊರೆಯಲು ಹೋದರೆ ಕಂಬಿಗೆ ಏಟು. ಇಳಿಜಾರು ಕಡಿಮೆ ಮಾಡಿ ‘ಹರಿಯುತ್ತೆ ಬಿಡಿ’ ಅಂದವರ ಮಾತು ಕೇಳಿದರೆ ಅನ್ನದ ಗಂಜಿ, ಎಣ್ಣೆ ಪೈಪಿನಲ್ಲಿ ಹೆಪ್ಪುಗಟ್ಟಿ ಪದೇ ಪದೇ ಕಟ್ಟಿಕೊಳ್ಳುತ್ತದೆ.

ನೀರು

ದಾವಣಗೆರೆಯ ಬಹಳ ಮನೆಗಳಲ್ಲಿ ಪಾಲಿಕೆಯ ನಲ್ಲಿ ನೀರು ಸಂಪಿಗೆ, ಬೋರಿನ ನೀರು ಮೇಲಿನ ಟ್ಯಾಂಕಿಗೆ ಎಂಬ ಏರ್ಪಾಡು ಇರುತ್ತದೆ. ಗೋಡೆ ಒಡೆದಿರುವಾಗಲೇ ನಲ್ಲಿ ನೀರಿಗೆ ಬೇರೆ ಅರ್ಧ ಇಂಚಿನ ಲೈನ್ ಎಳೆಸಿ ಸಿಂಕಿಗೆ ಎರಡು ನಲ್ಲಿ ಕೊಡಿ. ಬೇಳೆ ಬೇಯಿಸಲು ನಲ್ಲಿ ನೀರು, ಪಾತ್ರೆಗೆ ಬೋರ್ ನೀರು. ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಗ್ಯಾಸೂ ದಂಡ.

ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಫ್ಲೋರೈಡಿಗೆ 1.5ರವರೆಗೆ ಸಡಿಲಿಕೆ. ಜಗಳೂರು ಭಾಗದಲ್ಲಿ, ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚಿರುವುದು ಗೊತ್ತಿರುವ ವಿಷಯ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆರ್‌ಒ ಹಾಕಿಸುವುದಾದರೆ ಅದಕ್ಕೆ ನೀರಿನ ಪಾಯಿಂಟು, ಪ್ಲಗ್ಗು, ವ್ಯರ್ಥ ನೀರಿನ ಕೊಳವೆ ಮೂರನ್ನೂ ಈಗಲೇ ಯೋಚಿಸಿ. ವ್ಯರ್ಥ ನೀರು ನೇರ ಸಿಂಕಿಗೆ ಬೇಡ, ಸಣ್ಣ ಪೈಪಿನಲ್ಲಿ ಹಿತ್ತಲಿನ ಬಕೆಟ್ಟಿಗೆ ಹೋಗಲಿ. ನೆಲ ಒರೆಸಲು ಬರುತ್ತದೆ.

ಪೈಪು ಕೂರಿಸಿ ಅಂಟು ಒಣಗಿದ ಮೇಲೆ ಎಲ್ಲ ಬಾಯಿಗೂ ಪ್ಲಗ್ ಹಾಕಿ, ಟ್ಯಾಂಕಿನ ವಾಲ್ವ್ ತೆರೆದು ಒಂದು ಪೂರ್ತಿ ದಿನ ಬಿಡಿ. ಸಿಪಿವಿಸಿ (ಪ್ಲಾಸ್ಟಿಕ್) ಪೈಪಿನ ಅಂಟು ಒಣಗುವ ಮೊದಲೇ ನೀರು ಬಿಟ್ಟರೆ ಕೂಡುವಲ್ಲಿ ಸೂಜಿಮೊನೆಯಷ್ಟು ಸೋರಿಕೆ ಉಳಿಯುತ್ತದೆ. ಅದು ಆರು ತಿಂಗಳ ನಂತರ ಟೈಲ್ಸಿನ ಸಂದಿನಲ್ಲಿ ಕಪ್ಪಾಗಿ ಕಾಣಿಸಿಕೊಳ್ಳುತ್ತದೆ.

ಕರೆಂಟು

ಹಳೆ ಮನೆಯ ಅಡುಗೆಮನೆಯಲ್ಲಿ ಒಂದು ಮಿಕ್ಸಿ ಪ್ಲಗ್ಗು ಇದ್ದರೆ ಹೆಚ್ಚು. ಈಗ ಇಂಡಕ್ಷನ್ 2000 ವ್ಯಾಟ್, ಕೆಟಲ್ 1500, ಓವನ್ 1200. ಮೂರೂ ಒಟ್ಟಿಗೆ ಓಡಿದರೆ 4700 ವ್ಯಾಟ್, 230 ವೋಲ್ಟಿಗೆ 20 ಆಂಪಿಯರ್ ದಾಟುತ್ತದೆ. ಒಂದೇ ಲೈನಿನಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ನಡೆಸಿದರೆ ಗೋಡೆಯೊಳಗಿನ ವೈರು ಬಿಸಿಯಾಗಿ ಅದರ ಹೊದಿಕೆ ಗರಿಗರಿಯಾಗುತ್ತದೆ. ಇಂಡಕ್ಷನ್ ಮತ್ತು ಓವನ್‌ಗೆ ಬೇರೆ ಬೇರೆ ಲೈನು, 4 ಚದರ ಮಿ.ಮೀ. ತಾಮ್ರದ ವೈರು, 16 ಆಂಪಿಯರ್ ಪ್ಲಗ್ಗು. ಮಿಕ್ಸಿ, ಫ್ರಿಜ್ ಲೈನಿಗೆ 2.5, ದೀಪಕ್ಕೆ 1.5. ಇಡೀ ಅಡುಗೆಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್ಚು) ಇರಲೇಬೇಕು, ಒದ್ದೆ ಕೈ ಓಡಾಡುವ ಜಾಗ ಇದು. ಪ್ಲಗ್ಗುಗಳು ಕಟ್ಟೆಯಿಂದ 10–12 ಇಂಚು ಮೇಲೆ, ಸಿಂಕಿನಿಂದ ಎರಡಡಿ ಪಕ್ಕಕ್ಕೆ. ಚಿಮಣಿಯ ಪಾಯಿಂಟು ನೆಲದಿಂದ ಏಳಡಿ ಮೇಲೆ.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಮನೆ ಕೊಂಡ ಮೇಲೆ ಹೇಗೂ ಆರ್‌ಆರ್ ನಂಬರನ್ನು (ಕರೆಂಟು ಸಂಪರ್ಕದ ನಂಬರು) ನಿಮ್ಮ ಹೆಸರಿಗೆ ಮಾಡಿಸಬೇಕು, ಅದರ ಜೊತೆಗೇ ಲೋಡ್ ಏರಿಸಲೂ ಅರ್ಜಿ ಕೊಡಿ.

ದೀಪ ನಡುಮಾಳಿಗೆಯಲ್ಲಿ ಒಂದೇ ಇದ್ದರೆ ಹೆಚ್ಚುವವರ ನೆರಳು ಹಲಗೆಯ ಮೇಲೇ ಬೀಳುತ್ತದೆ. ಮೇಲಿನ ಕಪಾಟಿನ ತಳದಲ್ಲಿ ಎಲ್‌ಇಡಿ ಪಟ್ಟಿಗೆ ವೈರು ಬಿಡಿಸಿಡಿ.

ಗಾರೆ, ಕಲ್ಲು, ಟೈಲ್ಸು

ಪೈಪು, ವೈರು ಮುಚ್ಚಿದ ಗಾರೆಗೆ ಏಳು ದಿನ ನೀರು ಉಣಿಸಬೇಕು. ಏಪ್ರಿಲ್–ಮೇ ಬಿಸಿಲಿನಲ್ಲಿ ದಿನಕ್ಕೆ ಮೂರು ಸಲ. ನೀರು ಕಡಿಮೆಯಾದ ಗಾರೆ ಉಗುರಿಗೇ ಉದುರುತ್ತದೆ, ಅದರ ಮೇಲಿನ ಟೈಲ್ಸ್ ಗಾರೆಯ ಸಮೇತ ಕಳಚಿಬರುತ್ತದೆ.

ಕಟ್ಟೆಗೆ 18ರಿಂದ 20 ಮಿ.ಮೀ. ಗ್ರಾನೈಟ್ ಸಾಕು. ಎಲ್ ಆಕಾರ, ಒಂದು ಕಡೆ 10 ಅಡಿ, ಇನ್ನೊಂದು ಕಡೆ 8 ಅಡಿ, ಎರಡಡಿ ಆಳ ಇದ್ದರೆ 32 ಚದರಡಿ ಬರುತ್ತದೆ. ಕಪ್ಪು ಗ್ರಾನೈಟ್ ಚೆಂದವೇ, ಆದರೆ ಬೋರ್ ನೀರಿನ ಮನೆಯಲ್ಲಿ ಸಿಂಕಿನ ಸುತ್ತ ಬಿಳಿ ಕಲೆ ದಿನವೂ ಎದ್ದು ಕಾಣುತ್ತದೆ. ಚುಕ್ಕೆ ಚುಕ್ಕೆಯ ಬೂದು ಅಥವಾ ಕಂದು ಬಣ್ಣದ್ದು ನಮ್ಮ ನೀರಿಗೆ ಹೊಂದುತ್ತದೆ. ಕಲ್ಲಿನವರಿಗೆ ಎರಡು ಮಾತು ತಪ್ಪದೆ ಹೇಳಿ. ಒಂದು, ಕಟ್ಟೆ ಸಿಂಕಿನ ಕಡೆಗೆ 2–3 ಮಿ.ಮೀ. ವಾಲಿರಲಿ. ಎರಡು, ಮುಂದೆ ಒಂದು ಇಂಚು ಚಾಚಿದ ಅಂಚಿನ ಕೆಳಮೈಯಲ್ಲಿ ಉದ್ದಕ್ಕೂ 4 ಮಿ.ಮೀ. ಗೀರು ಹಾಕಲಿ. ಕಟ್ಟೆ ಒರೆಸಿದ ನೀರು ಅಂಚಿಗೆ ಅಂಟಿಕೊಂಡು ಒಳಗೆ ಹರಿಯುತ್ತದೆ. ಗೀರು ಇದ್ದರೆ ಅಲ್ಲೇ ತೊಟ್ಟಿಕ್ಕುತ್ತದೆ, ಇಲ್ಲದಿದ್ದರೆ ಬಾಗಿಲಿನ ತಲೆಗೆ ಇಳಿದು ಪ್ಲೈವುಡ್ ಉಬ್ಬಿಸುತ್ತದೆ. ಹೊಸ ಅಡುಗೆಮನೆಯ ಬಾಗಿಲುಗಳು ಎರಡೇ ವರ್ಷಕ್ಕೆ ಮೇಲ್ತುದಿಯಲ್ಲಿ ಬಿಚ್ಚಿಕೊಳ್ಳುವುದು ಬಹುತೇಕ ಈ ಒಂದು ಗೀರು ಇಲ್ಲದೆ. ಕಲ್ಲು ಕೂರಿಸಿದ ಮೇಲೆ ಇದನ್ನು ಹಾಕುವುದು ಕಷ್ಟ.

ಸಿಂಕು 24ಕ್ಕೆ 18 ಇಂಚು, 304 ದರ್ಜೆಯ ಸ್ಟೀಲು, 1 ಮಿ.ಮೀ. ದಪ್ಪ. 202 ದರ್ಜೆಯದು ಅಗ್ಗ, ಆದರೆ ಉಪ್ಪು–ಹುಣಸೆಹುಳಿಗೆ ಚುಕ್ಕೆ ತುಕ್ಕು ಹಿಡಿಯುತ್ತದೆ. ಕಲ್ಲಿನ ಕೆಳಗಿನಿಂದ ಕೂರಿಸುವ ಸಿಂಕನ್ನು ಬರೀ ಸಿಲಿಕಾನಿನಿಂದ ಅಂಟಿಸಿ ಹೋಗುತ್ತಾರೆ. ನೀರು ತುಂಬಿದ ಸಿಂಕಿನ ಭಾರಕ್ಕೆ ಅದು ಒಂದು ದಿನ ಜಾರಿ ಕೆಳಗೆ ಬೀಳುತ್ತದೆ. ಕೆಳಗೆ ಎರಡು ಕಲ್ಲಿನ ಪಟ್ಟಿ ಅಥವಾ ಸ್ಟೀಲ್ ಆಂಗಲ್ ಆಸರೆ ಬೇಕೇಬೇಕು.

ಕಟ್ಟೆಯ ಮೇಲೆ ಗೋಡೆಗೆ ಎರಡಡಿ ಟೈಲ್ಸ್ ಸಾಲುತ್ತದೆ, ಒಲೆಯ ಹಿಂದೆ ಮಾತ್ರ ಚಿಮಣಿವರೆಗೆ ಏರಿಸಿ. ಸೆರಾಮಿಕ್ ಟೈಲ್ಸನ್ನು ಸಿಮೆಂಟಿನಲ್ಲಿ ಕೂರಿಸುವುದಾದರೆ ನೀರಿನಲ್ಲಿ ನೆನೆಹಾಕಬೇಕು. ವಿಟ್ರಿಫೈಡ್ ನೀರು ಕುಡಿಯುವುದೇ ಇಲ್ಲ, ಹಾಗಾಗಿ ಬರೀ ಸಿಮೆಂಟು ಅದನ್ನು ಹಿಡಿಯುವುದೂ ಇಲ್ಲ. ಅದಕ್ಕೆ ಟೈಲ್ ಅಂಟೇ ಬೇಕು, 3 ಮಿ.ಮೀ. ಪದರಕ್ಕೆ 20 ಕೆ.ಜಿ. ಚೀಲ ಸುಮಾರು 45 ಚದರಡಿಗೆ ಬರುತ್ತದೆ. ಒಲೆ ಹಿಂದಿನ ಸಂದಿಗೆ ಎಪಾಕ್ಸಿ ಗ್ರೌಟು ತುಂಬಿ, ಗಟ್ಟಿಯಾಗುವ ಮುಂಚೆಯೇ ಸ್ಪಂಜಿನಿಂದ ಒರೆಸಿಸಿ. ಉಳಿದ ಪೊರೆ ಆಮೇಲೆ ಹೋಗುವುದಿಲ್ಲ.

ಟೈಲ್ಸಿಗಿಂತ ಮೇಲಿನ ಗೋಡೆಗೆ ವರ್ಷಗಟ್ಟಲೆಯ ಎಣ್ಣೆ ಜಿಡ್ಡು ಹತ್ತಿರುತ್ತದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿ, ತೊಳೆದು, ಒಣಗಿಸಿ, ಉಪ್ಪುಕಾಗದ ಹೊಡೆದ ಮೇಲೆಯೇ ಪುಟ್ಟಿ. ಜಿಡ್ಡಿನ ಮೇಲೆ ಬಳಿದ ಪುಟ್ಟಿ ಹಪ್ಪಳದ ಹಾಗೆ ಏಳುತ್ತದೆ.

ಬಾಗಿಲು, ಡ್ರಾಯರು

ಪ್ಲೈವುಡ್ ಮೇಲೆ ಐಎಸ್ 710 ಎಂದು ಮುದ್ರೆ ಇರಬೇಕು. ಅದು 72 ಗಂಟೆ ಕುದಿಸಿದರೂ ಪದರ ಬಿಡಬಾರದ ದರ್ಜೆ. ಐಎಸ್ 303ರಲ್ಲಿ ಎಂಆರ್ (ತೇವ ಮಾತ್ರ ತಡೆಯುವ ದರ್ಜೆ) ಎಂದಿದ್ದರೆ ಅದು ಮಲಗುವ ಕೋಣೆಗೆ, ಅಡುಗೆಮನೆಗಲ್ಲ. ಅನುಮಾನವಿದ್ದರೆ ಒಂದು ತುಂಡನ್ನು ನಾಲ್ಕೈದು ಗಂಟೆ ಕುದಿಸಿ ನೋಡಿ, ಅಂಚು ಬಾಯಿ ಬಿಟ್ಟರೆ ಲಾರಿಯನ್ನು ವಾಪಸು ಕಳಿಸಿ. ಹೊರಗೆ 1 ಮಿ.ಮೀ., ಒಳಗೆ 0.8 ಮಿ.ಮೀ. ಲ್ಯಾಮಿನೇಟ್. ಒಳಮೈಗೆ ಬರೀ ಬಣ್ಣ ಹೊಡೆದರೆ ಬಾಗಿಲು ಒಂದು ಕಡೆಗೆ ಬಗ್ಗುತ್ತದೆ. ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿರಲಿ. ಕೆಳಗಿನ ಅಂಚು ಕಾಣುವುದಿಲ್ಲವೆಂದು ಬಿಡುತ್ತಾರೆ, ನೆಲ ತೊಳೆದ ನೀರು ಮೊದಲು ಮುಟ್ಟುವುದು ಅದನ್ನೇ. ಪಾರ್ಟಿಕಲ್ ಬೋರ್ಡ್ ಸಿಂಕಿನ ಹತ್ತಿರ ಬೇಡವೇ ಬೇಡ. ಪಿವಿಸಿ ಹಾಳೆ ಒತ್ತಿದ ಬಾಗಿಲು ಒಲೆಯ ಶಾಖಕ್ಕೆ ಸುಲಿದುಕೊಳ್ಳುತ್ತದೆ.

ತಟ್ಟೆ, ಹಿತ್ತಾಳೆ ಪಾತ್ರೆ ಇಡುವ ಡ್ರಾಯರಿಗೆ 20 ಇಂಚಿನ, 45 ಕೆ.ಜಿ. ಭಾರ ಹೊರುವ ಚಾನೆಲ್ (ಡ್ರಾಯರ್ ಜಾರುವ ಸ್ಟೀಲ್ ಹಳಿ) ಇರಲಿ. ಎರಡಡಿಗಿಂತ ಅಗಲದ ಪ್ಲೈವುಡ್ ಹಲಗೆಯ ಮೇಲೆ ಧಾನ್ಯ ಇಟ್ಟರೆ ನಡು ಬಗ್ಗುತ್ತದೆ.

ಹೊಗೆ, ಗ್ಯಾಸು

ಸಂಜೆ ಮಿರ್ಚಿ ಕರಿಯುವ, ಮಂಡಕ್ಕಿಗೆ ಒಗ್ಗರಣೆ ಹಾಕುವ ಮನೆಗೆ ಚಿಮಣಿ ಬೇಕು. ಒಲೆಯ ಮೇಲೆ 26ರಿಂದ 30 ಇಂಚು ಎತ್ತರದಲ್ಲಿ, 6 ಇಂಚಿನ ಕೊಳವೆ ಹೊರಗೋಡೆಗೆ ಆದಷ್ಟು ನೇರ ಹೋಗಲಿ. ಪ್ರತಿ ತಿರುವಿಗೂ ಎಳೆತ ಕುಗ್ಗುತ್ತದೆ, ಎರಡಕ್ಕಿಂತ ಹೆಚ್ಚು ತಿರುವು ಬೇಡ. ರೊಟ್ಟಿ ಬಡಿಯುವ ಮನೆಯಲ್ಲಿ ಹಾರುವ ಜೋಳದ ಹಿಟ್ಟು ಎಣ್ಣೆಯ ಜೊತೆ ಸೇರಿ ಜಾಲರಿಯ ಮೇಲೆ ಅಂಟು ಅಂಟಾಗಿ ಕೂರುತ್ತದೆ. ಆದ್ದರಿಂದ ಸಣ್ಣ ಕಣ್ಣಿನ ಜಾಲರಿಗಿಂತ ಸ್ಟೀಲ್ ಪಟ್ಟಿಯ ಬ್ಯಾಫಲ್ ಒಳ್ಳೆಯದು, ಎರಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯಲು ಸುಲಭ. ಚಿಮಣಿ ಇದ್ದರೂ ಹಳೆ ಎಕ್ಸಾಸ್ಟ್ ಫ್ಯಾನಿನ ತೂತು ಮುಚ್ಚಬೇಡಿ.

ಕಟ್ಟೆಗೆ ಕಲ್ಲು ಕತ್ತರಿಸಿ ಕೂರಿಸುವ ಹಾಬ್‌ಗಿಂತ ಮೇಲಿಡುವ ಒಲೆಯೇ ನಮ್ಮ ಅಡುಗೆಗೆ ವಾಸಿ. ಹಾಲು ಉಕ್ಕಿದರೆ ಎತ್ತಿ ತೊಳೆಯಬಹುದು, ದೊಡ್ಡ ಹೆಂಚು ಅಲುಗದೆ ಕೂರುತ್ತದೆ, ಕೆಟ್ಟರೆ ಕಟ್ಟೆ ಕೆದಕಬೇಕಿಲ್ಲ.

14.2 ಕೆ.ಜಿ. ಸಿಲಿಂಡರ್ ಸುಮಾರು 25 ಇಂಚು ಎತ್ತರ. 30 ಇಂಚಿನ ಕಟ್ಟೆಯ ಕೆಳಗೆ ಕಲ್ಲಿನ ದಪ್ಪ ಕಳೆದರೆ 28 ಉಳಿಯುತ್ತದೆ. ಚಕ್ರದ ಸ್ಟ್ಯಾಂಡ್ ಇಟ್ಟರೆ ಅದೂ ತುಂಬಿಹೋಗುತ್ತದೆ. ಕಲ್ಲು ಕೂರಿಸುವ ಮುಂಚೆ ರೆಗ್ಯುಲೇಟರ್ ಹಾಕಿದ ಸಿಲಿಂಡರನ್ನೇ ನಿಲ್ಲಿಸಿ ಅಳೆಯಿರಿ, ಗುಂಡಿ ತಿರುಗಿಸಲು ಕೈಗೂ ಜಾಗ ಬೇಕು. ಸಿಲಿಂಡರ್ ನಿಂತೇ ಇರಬೇಕು, ಅದಕ್ಕಿಂತ ಮೇಲೆ ಒಲೆ ಇರಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ಸೇರುತ್ತದೆ. ಸಿಲಿಂಡರ್ ಇಡುವ ಕಪಾಟಿನ ಬಾಗಿಲಿನ ತಳದಲ್ಲಿ ಜಾಲರಿ ಅಥವಾ ಗಾಳಿಯ ತೂತು ಬಿಡಿಸದೆ ಕಪಾಟನ್ನು ಮುಚ್ಚಬೇಡಿ. ರಬ್ಬರ್ ಕೊಳವೆ ಒಂದೂವರೆ ಮೀಟರಿಗಿಂತ ಉದ್ದ ಬೇಡ, ಐದು ವರ್ಷಕ್ಕೆ ಬದಲಾಯಿಸಿ. ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ–ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕಾರ್ಪೆಂಟರಿಗೆ ಕೊನೆಯ ಕಂತು ಕೊಡುವ ಮುಂಚೆ ಸಿಂಕಿಗೆ ಬೆಣೆ ಹಾಕಿ ಅಂಚಿನವರೆಗೆ ನೀರು ತುಂಬಿಸಿ, ಒಮ್ಮೆಲೇ ಬಿಟ್ಟು, ಕೆಳಗಿನ ಕೂಡುಗಳಿಗೆ ಒಣ ಕಾಗದ ಹಿಡಿದು ನೋಡಿ. ಪೈಪು ಗೋಡೆಯೊಳಗೆ ಹೋಗುವ ಸಂದುಗಳನ್ನು ಗಾರೆಯಿಂದ ಮುಚ್ಚಿಸಿ, ಜಿರಳೆ ಬರುವುದು ಅಲ್ಲಿಂದಲೇ. ಡಬ್ಬಿ, ಚೀಲ ಎಲ್ಲ ತುಂಬಿ ಒಂದು ತಿಂಗಳು ಬಳಸಿದ ಮೇಲೆ ಬಾಗಿಲುಗಳು ಸ್ವಲ್ಪ ಜೋತುಬಿದ್ದಿರುತ್ತವೆ. ಹಿಂಜಿನಲ್ಲಿ ಮೂರು ಸ್ಕ್ರೂ ಇರುತ್ತವೆ, ಒಂದು ಪಕ್ಕಕ್ಕೆ, ಒಂದು ಒಳಹೊರಗೆ, ಒಂದು ಮೇಲೆಕೆಳಗೆ. ಯಾವುದು ಯಾವುದಕ್ಕೆ ಎಂದು ಕಾರ್ಪೆಂಟರ್ ಇರುವಾಗಲೇ ಕೇಳಿ ತಿಳಿದುಕೊಂಡರೆ, ಒಂದು ಸ್ಕ್ರೂಡ್ರೈವರ್ ಹಿಡಿದು ನೀವೇ ಸರಿಮಾಡಿಕೊಳ್ಳಬಹುದು.